ಗಾಡಿ ಬಿಟ್ಟವಳು

ಹುಣಸೆ ಬೀಜದಷ್ಟು ಗಾತ್ರದ ಒಂದು ಉಕ್ಕಿನ ತುಂಡನ್ನು ಅದು ಇರಬೇಕಾದ ಜಾಗಕ್ಕೆ ನಾನು ವಾಪಸು ಕೂರಿಸಲಿಲ್ಲ. ನಾನು ಮಾಡದೆ ಉಳಿಸಿದ ಕೆಲಸ ಇಷ್ಟೇ. ಅರ್ಧ ಗಂಟೆಯ ಕೆಲಸ. ಹತ್ತೊಂಬತ್ತು ವರ್ಷ ಮಾಡಲಿಲ್ಲ. ಅಷ್ಟೂ ವರ್ಷ ಅದು ಚನ್ನಪಟ್ಟಣದ ನನ್ನ ಮೆಕ್ಯಾನಿಕ್ ಅಂಗಡಿಯ ಗೋಡೆಗೂಡಿನಲ್ಲಿ, ಅರಗಿನ ಬಣ್ಣ ಹಚ್ಚಿದ ಒಂದು ಮರದ ಕುಂಕುಮದ ಭರಣಿಯೊಳಗೆ, ಗ್ರೀಸು ಮೆತ್ತಿದ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಭರಣಿ ಮಾಡಿದವಳು ನನ್ನ ಅಕ್ಕ ಜಯಮ್ಮ. ತುಂಡನ್ನು ಕಿತ್ತವನು ನಾನು. ಇವೆರಡೂ ಒಂದರೊಳಗೊಂದು ಇಷ್ಟು ಕಾಲ ಹೇಗೆ ಕೂತಿದ್ದವು ಎಂದು ಯೋಚಿಸಿದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ಆದರೆ ಈ 'ಬಿಡು' ಎನ್ನುವ ಒಂದು ಮಾತಿನ ಬಗ್ಗೆ ಮಾತ್ರ ಓದಿದವರಿಗಿಂತ ಹೆಚ್ಚು ಯೋಚಿಸಿದ್ದೇನೆ. ನಮ್ಮ ಕಡೆ ಗಾಡಿಯನ್ನು ಯಾರೂ ಚಲಾಯಿಸುವುದಿಲ್ಲ, ಬಿಡುತ್ತಾರೆ. 'ಅವನು ಗಾಡಿ ಬಿಡ್ತಾನೆ' ಅಂದರೆ ಅವನಿಗೆ ಓಡಿಸಲು ಬರುತ್ತದೆ ಎಂದರ್ಥ. ಕೈಬಿಡುವುದಕ್ಕೂ ಓಡಿಸುವುದಕ್ಕೂ ಒಂದೇ ಮಾತನ್ನು ಯಾರು ಇಟ್ಟರೋ ಕಾಣೆ. ಅಕ್ಕ ಗಾಡಿ ಬಿಡುತ್ತಿದ್ದಳು. ಆಮೇಲೆ ಗಾಡಿ ಬಿಟ್ಟಳು. ಮೊದಲನೆಯದು ಅವಳ ಕಲಿಕೆ, ಎರಡನೆಯದು ನನ್ನ ಕಿತಾಪತಿ.

ಭಾನುವಾರ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಒಂದು ಸಣ್ಣ ಪಾರ್ಲಿಮೆಂಟು ಸೇರುತ್ತದೆ. ಹಳೆಯ ಗಾಡಿಗಳನ್ನು ರಿಪೇರಿ ಮಾಡುವವನು ಈ ಸುತ್ತಿನಲ್ಲಿ ನಾನೊಬ್ಬನೇ ಉಳಿದಿರುವುದರಿಂದ ಹಳೆಯ ಗಾಡಿಗಳ ಭಕ್ತರೆಲ್ಲ ಇಲ್ಲೇ ಬಂದು ಕಾಫಿ ಕುಡಿಯುತ್ತಾರೆ. ಚರ್ಚೆ ಯಾವಾಗಲೂ ಒಂದೇ: ನಮ್ಮ ಜನಕ್ಕೆ ಸವಾರಿ ಎಂದರೇನು ಎಂದು ಕಲಿಸಿದ ಗಾಡಿ ಯಾವುದು? ತೆಂಗಿನಕಾಯಿ ವ್ಯಾಪಾರದ ಕೆಂಪಣ್ಣ ಬುಲೆಟ್ಟಿನ ಪಕ್ಷ. ಹಾಲಿನ ನಂಜುಂಡ ರಾಜದೂತಿನ ಪಕ್ಷ.

"ಬುಲೆಟ್ ಬಂದಾದ್ಮೇಲೆ ಕಣ್ರಲಾ ಗಂಡ್ಸು ಬೆನ್ ನೆಟ್ಗೆ ಮಾಡ್ಕಂಡು ಕುಂತ್ಕಳದು ಕಲ್ತಿದ್ದು," ಅನ್ನುತ್ತಾನೆ ಕೆಂಪಣ್ಣ.

"ನೀನ್ ಬೆನ್ ನೆಟ್ಗೆ ಮಾಡ್ಕಂಡು ಊರ್ ಸುತ್ತ್ದೆ. ನಾನು ಎಲ್ಡ್ ಕಡೀಕೂ ಹಾಲಿನ್ ಕ್ಯಾನ್ ಕಟ್ಕಂಡು ಊರ್ಗೆ ಕಾಫಿ ಕುಡಿಸ್ದೆ. ಯಾವ್ದಯ್ಯ ದೊಡ್ಡುದು?" ಅನ್ನುತ್ತಾನೆ ನಂಜುಂಡ.

ಹೀಗೆ ಗಂಟೆಗಟ್ಟಲೆ. ನಾನು ಸ್ಪ್ಯಾನರ್ ಹಿಡಿದು ತಲೆ ತಗ್ಗಿಸಿಕೊಂಡು ಕೇಳುತ್ತೇನೆ. ಕೇಳುತ್ತ ಕೇಳುತ್ತ ಇತ್ತೀಚೆಗೆ ಮೈ ಉರಿಯತೊಡಗಿತ್ತು. ಒಂದು ಗಾಡಿ ಸವಾರಿಯನ್ನು ಬದಲಿಸಿತು ಎಂದರೆ ಏನರ್ಥ? ಹೇಗಿದ್ದರೂ ಗಾಡಿ ಹತ್ತುತ್ತಿದ್ದ ಗಂಡಸನ್ನು ಇನ್ನಷ್ಟು ಸದ್ದು ಮಾಡಿಸಿತು ಎಂದೇ? ಅಥವಾ ಜನ್ಮದಲ್ಲಿ ಗಾಡಿ ಹತ್ತಲಾರದಿದ್ದ ಒಬ್ಬರನ್ನು ಹತ್ತಿಸಿಕೊಂಡು ಹೋಯಿತು ಎಂದೇ? ಎರಡನೆಯದೇ ಅರ್ಥವಾದರೆ ಚರ್ಚೆಯೇ ಬೇಕಾಗಿಲ್ಲ. ಅದರ ಉತ್ತರ ನಮ್ಮೂರು ಕೂಟಗಲ್ಲಿನಲ್ಲಿ, ಮನೆಯ ಹಿಂದೆ, ರೇಷ್ಮೆ ಹುಳ ಸಾಕುವ ಮನೆಯ ಸೂರಿನ ಕೆಳಗೆ, ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಅದು ನಮ್ಮ ಅಪ್ಪನ ಯೆಜ್ಡಿ ಮೋಟರ್‌ಸೈಕಲ್ಲು.

ಅಕ್ಕ ಮೊದಲು ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ಲೇತಿಗೆ ಕೊಟ್ಟು ಮರ ಕಡೆಯುತ್ತಿದ್ದಳು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದರಲ್ಲಿ ಅವಳಷ್ಟು ಹದ ಬಲ್ಲವರು ಇರಲಿಲ್ಲ. ಒಂದು ದಿನ ಉಳಿ ಜಾರಿ ಎಡಗೈಯ ಮೂರು ಬೆರಳುಗಳ ನರ ಹೋಯಿತು. ಗಾಯ ಮಾಯಿತು, ಬೆರಳು ಮಡಚಲಿಲ್ಲ. ಬಂದ ಸಂಬಂಧಗಳೆಲ್ಲ ಕಾಫಿ ಕುಡಿದು, ಅವಳ ಕೈ ನೋಡಿ, ಎದ್ದು ಹೋದವು. ಅಕ್ಕ ಊರಿಗೆ ಬಂದು ಹಿಪ್ಪುನೇರಳೆ ತೋಟಕ್ಕೆ ನಿಂತಳು, ರೇಷ್ಮೆ ಹುಳ ಸಾಕಿದಳು. ಅಪ್ಪ ತೀರಿಕೊಂಡ ವರ್ಷವೇ ಅವನ ಯೆಜ್ಡಿಯನ್ನು ತಾನೇ ಹೊರಗೆ ತಳ್ಳಿದಳು.

ನಿಮಗೆ ಗಾಡಿಯ ವಿಷಯ ಗೊತ್ತಿಲ್ಲದಿದ್ದರೆ ಒಂದು ಮಾತು ಹೇಳುತ್ತೇನೆ. ಬೇರೆ ಮೋಟರ್‌ಸೈಕಲ್ಲುಗಳಲ್ಲಿ ಎಡಗೈಯಲ್ಲಿ ಕ್ಲಚ್ಚು ಹಿಡಿದರಷ್ಟೇ ಗೇರು ಬೀಳುವುದು. ಹಳೆಯ ಯೆಜ್ಡಿಯಲ್ಲಿ ಹಾಗಲ್ಲ. ಕಾಲಿನಿಂದ ಗೇರು ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಕಾಲನ್ನು ಮೆಲ್ಲಗೆ ಸಡಿಲಿಸಿದರೆ ಗಾಡಿಯೂ ಮೆಲ್ಲಗೆ ಹೊರಡುತ್ತದೆ. ಎಡಗೈ ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಕೂತಿದ್ದರೂ ಸಾಕು. ಇದನ್ನು ನಮ್ಮೂರ ಗಂಡಸರಲ್ಲಿ ಯಾರೂ ಗಮನಿಸಿರಲಿಲ್ಲ, ಏಕೆಂದರೆ ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದವಳು ಎರಡೇ ದಿನದಲ್ಲಿ ಕಂಡುಹಿಡಿದಳು. ಸೀರೆಯ ಮೇಲೆ ಅಪ್ಪನ ಖಾಕಿ ಅಂಗಿ ತೊಟ್ಟು, ಹಿಂದೆ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು, ಕೂಟಗಲ್ಲಿನಿಂದ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಅವಳು ಹೋಗುವುದನ್ನು ನೋಡಿ ಬಂಡೆಗಳೂ ಒಸಿ ಪಕ್ಕಕ್ಕೆ ಸರಿದು ಕೂತಂತೆ ಕಾಣುತ್ತಿತ್ತು. ಬರುವಾಗ ಚೀಲ ಖಾಲಿ. ಬೇಕೆಂದೇ ಸುತ್ತು ದಾರಿ ಹಿಡಿಯುತ್ತಿದ್ದಳು. ಕೇಳಿದರೆ, "ಗಾಡಿಗ್ ಗಾಳಿ ಬೇಕಾಗಿತ್ತು ಕಣ್ಲಾ" ಅನ್ನುತ್ತಿದ್ದಳು.

ನನಗೆ ಗಾಡಿ ಬಿಡುವುದನ್ನು ಕಲಿಸಿದವಳೂ ಅವಳೇ. ಈ ಅಂಗಡಿ ಇಟ್ಟ ಹೊಸದರಲ್ಲಿ ಕೆಲವು ದಿನ ಅವಳೇ ನನ್ನನ್ನು ಹಿಂದೆ ಕೂರಿಸಿಕೊಂಡು ಚನ್ನಪಟ್ಟಣಕ್ಕೆ ಬಿಟ್ಟು ಹೋಗುತ್ತಿದ್ದಳು. ಒಂದು ದಿನ ಅಂಗಡಿಯ ಮುಂದೆ ಇಳಿಯುವಾಗ ಇದೇ ಕೆಂಪಣ್ಣ, ಆಗಿನ್ನೂ ತಲೆತುಂಬ ಕೂದಲಿದ್ದ ಕೆಂಪಣ್ಣ, ಕೂಗಿದ: "ಏನ್ಲಾ ಬೈರ, ಮೆಕ್ಯಾನಿಕ್ಕು ನೀನೋ ನಿಮ್ಮಕ್ಕನೋ? ಸೆರಗಿಡ್ಕಂಡು ಬಂದು ಇಳೀತಿಯಲ್ಲ!"

ಅಕ್ಕನೇ ನಕ್ಕುಬಿಟ್ಟಳು. "ಅವನ್ ಕೈಗೆ ಕೊಟ್ರೆ ಕೋಳಿ ಮ್ಯಾಲೆ ಹತ್ತುಸ್ತಾನೆ ಕೆಂಪಣ್ಣ, ನಂಗ್ಯಾಕಪ್ಪ ದಂಡ!"

ಎಲ್ಲರೂ ನಕ್ಕರು. ಅರ್ಧ ನಿಮಿಷದ ನಗು. ಅಷ್ಟಕ್ಕೇ ಅಕ್ಕ ಇನ್ನು ಗಾಡಿ ಬಿಡಕೂಡದು ಎಂದು ತೀರ್ಮಾನಿಸಿದೆ.

ಊರವರು ಬೇಡ ಅಂದರು, ಹಿರಿಯರು ಗದರಿಸಿದರು, ಹಾಗಾಗಿ ಮಾಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಸುಳ್ಳು. ಯಾರೂ ಏನೂ ಹೇಳಲಿಲ್ಲ. ಊರಿನ ಹೆಂಗಸರು ಅವಳ ಹಿಂದೆ ಕೂತು ಆಸ್ಪತ್ರೆಗೆ ಹೋಗಿ ಬರುತ್ತಿದ್ದರು, ಮುದುಕರು ಸಂತೆಯ ಚೀಲ ಕೊಟ್ಟು ಕಳಿಸುತ್ತಿದ್ದರು. ಸಿಟ್ಟಿಗೂ ಒಂದು ವಿಳಾಸ ಬೇಕಲ್ಲ, ಇಷ್ಟು ವರ್ಷ ಊರಿನ ವಿಳಾಸಕ್ಕೆ, ಕಾಲದ ವಿಳಾಸಕ್ಕೆ, ಕೆಂಪಣ್ಣನ ವಿಳಾಸಕ್ಕೆ ಕಳಿಸುತ್ತಲೇ ಇದ್ದೆ. ಎಲ್ಲ ವಾಪಸು ಬಂದವು. ವಿಳಾಸ ನನ್ನದೇ.

ಕ್ಲಚ್ ಪ್ಲೇಟು ಬದಲಿಸುತ್ತೇನೆಂದು ಹೇಳಿ ಗಾಡಿ ಬಿಚ್ಚಿದೆ. ಕಾಲಿನ ಗೇರಿಗೂ ಕ್ಲಚ್ಚಿಗೂ ಸಂಬಂಧ ಕಲ್ಪಿಸುವ ಆ ಸಣ್ಣ ತುಂಡನ್ನು ಹೊರಗೆ ತೆಗೆದೆ. ಮುಚ್ಚಳ ಮುಚ್ಚಿದೆ. ನಾನು ಜೀವನದಲ್ಲಿ ಅಷ್ಟು ನೀಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಮಾರನೆಯ ದಿನ ಅಕ್ಕ ಗಾಡಿ ಹತ್ತಿದಳು, ಗೇರು ಒತ್ತಿದಳು. ಗಾಡಿ ಮುಗ್ಗರಿಸಿ ಆಫಾಯಿತು. ಮತ್ತೆ ಹಾಗೆಯೇ. ಮೂರನೆಯ ಸಲ ಹಿಪ್ಪುನೇರಳೆ ಸಾಲಿಗೆ ನುಗ್ಗಿ ಮಗ್ಗುಲಿಗೆ ಒರಗಿತು.

"ಏನಾಗದೆ ನೋಡ್ಲಾ ಬೈರ."

"ಒಳಗಿನ್ ಪಾರ್ಟು ಸವೆದೋಗದೆ ಕಣಕ್ಕ. ಈಗ ಅದು ಎಲ್ಲೂ ಬರಕಿಲ್ಲ. ಇನ್ಮ್ಯಾಲೆ ಕೈಯಾಗೇ ಕ್ಲಚ್ ಹಿಡೀಬೇಕು."

ಅವಳು ಗಾಡಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತನ್ನ ಎಡಗೈ ನೋಡಿಕೊಂಡಳು.

ಇಲ್ಲಿಗೆ ಮುಗಿದಿದ್ದರೂ ನಾನು ನೀಚನೇ. ಆದರೆ ಮುಗಿಯಲಿಲ್ಲ. ಒಂದು ವಾರ ಬಿಟ್ಟು ಅಕ್ಕ ಅಂಗಡಿಗೆ ಬಂದು, ಹಳೆಯ ಹ್ಯಾಂಡಲ್ಲಿನ ತುಂಡೊಂದಕ್ಕೆ ಕ್ಲಚ್ ಲಿವರು ಜೋಡಿಸಿ, ಸ್ಪ್ರಿಂಗು ಹಾಕಿ ಕೊಡು ಎಂದು ಕೇಳಿದಳು. "ಒಸಿ ದಿನ ಅದುಮುದ್ರೆ ಬೆರಳು ದಾರಿಗ್ ಬತ್ತವೆ ಕಣ್ಲಾ. ಪಾರ್ಟ್ ಸಿಗ್ದೆ ವೋದ್ರೇನು, ಕೈ ನಂದಲ್ವಾ?" ನಾನು ಮಾಡಿಕೊಟ್ಟೆ. ನನ್ನ ಈ ಎರಡೂ ಕೈಯಿಂದ, ಬಿಗಿಯಾದ ಸ್ಪ್ರಿಂಗು ಹುಡುಕಿ ಮಾಡಿಕೊಟ್ಟೆ. ಅವಳು ಅದನ್ನು ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಕಟ್ಟಿಕೊಂಡಳು. ಬೆಳಿಗ್ಗೆ ಅನ್ನಕ್ಕಿಟ್ಟು, ಅಕ್ಕಿ ಬೇಯುವ ತನಕ ಅದುಮುತ್ತಿದ್ದಳು. ಕಿರಕ್, ಕಿರಕ್. ಹೆಬ್ಬೆರಳಿನ ಬುಡ ಸುಲಿದು ಹೋಗುತ್ತಿತ್ತು, ಬಟ್ಟೆ ಸುತ್ತಿಕೊಂಡು ಅದುಮುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ನಾಲ್ಕು ವರ್ಷ! ನಾಲ್ಕು ವರ್ಷ ಆ ಸದ್ದು ಕೇಳಿಸಿಕೊಂಡೂ ಗಂಟಲಲ್ಲಿ ಉಪ್ಪಿಟ್ಟು ಇಳಿಯುತ್ತಿತ್ತಲ್ಲ, ಆ ಗಂಟಲಿನ ಮೇಲೆ ನನಗೆ ಸಿಟ್ಟು. ಒಂದು ದಿನ ಸದ್ದು ನಿಂತಿತು. ಮೊಳೆಯಲ್ಲಿ ಈಗ ಜರಡಿ ತೂಗುತ್ತಿತ್ತು. ಅಷ್ಟು ವರ್ಷವೂ ಅಕ್ಕ ಬಸ್ಸಿಗೆ ಕಾದಿದ್ದಳು, ಬಸ್ಸಿನಲ್ಲಿ ಗೂಡು ನುಜ್ಜಾಗಿತ್ತು, ಆಮೇಲೆ ಮಾರ್ಕೆಟ್ಟಿಗೆ ನಾನೇ ಹೋಗತೊಡಗಿದೆ. ಗಾಳಿ ಬೇಕಾದ ಮಾತನ್ನು ಅವಳು ಮತ್ತೆಂದೂ ಆಡಲಿಲ್ಲ.

ಮೊನ್ನೆಯ ಭಾನುವಾರ ಪಾರ್ಲಿಮೆಂಟು ನಡೆಯುವಾಗ ಅವಳು ಅವರೆಕಾಯಿಯ ಚೀಲ ಹಿಡಿದು ಅಂಗಡಿಗೆ ಬಂದಳು. ಕೆಂಪಣ್ಣನಿಗೆ ತಾನು ಅಂದು ಆಡಿದ್ದ ಮಾತು ನೆನಪಿಲ್ಲ, ನೆನಪಿರಬೇಕಾದ್ದೂ ಇಲ್ಲ. ತಮಾಷೆಗೆ ಕರೆದ: "ಬಾ ಜಯಕ್ಕ, ನೀನೂ ಒಂದ್ ಕಾಲ್ದಾಗೆ ಗಾಡಿ ಬುಟ್ಟೋಳು. ನೀನೇ ಹೇಳು, ಯಾವ್ ಗಾಡಿ ದೊಡ್ಡುದು?"

ಅಕ್ಕ ಚೀಲ ಕೆಳಗಿಟ್ಟಳು. "ನಂಗೇನ್ ಗೊತ್ತಪ್ಪ. ನಮ್ ಯೆಜ್ಡಿ ಮಾತ್ರ ಒಳ್ಳೇದು. ಅದು ನನ್ನ ಬುಡ್ನಿಲ್ಲ, ನನ್ ಕೈಯೇ ಸೋತೋಯ್ತು. ಗಾಡೀದೇನೂ ತಪ್ಪಿಲ್ಲ."

ನಂಜುಂಡ, "ಅಲ್ಲಿಗೆ ಯೆಜ್ಡಿಗೊಂದು ಓಟು" ಅಂದ. ಎಲ್ಲರೂ ನಕ್ಕರು. ಅದೇ ಅರ್ಧ ನಿಮಿಷದ ನಗು. ಅವಳೂ ನಕ್ಕಳು. ಹತ್ತೊಂಬತ್ತು ವರ್ಷ ಈ ಹೆಂಗಸು ತನ್ನ ಕೈಯನ್ನೇ ಬೈದುಕೊಂಡು ಬದುಕಿದ್ದಾಳೆ! ನಾನು ಕಿತ್ತದ್ದು ಗಾಡಿಯ ತುಂಡು ಎಂದುಕೊಂಡಿದ್ದೆ. ಅವಳ ಕೈಯ ಮೇಲೆ ಅವಳಿಗಿದ್ದ ನಂಬಿಕೆಯನ್ನೇ ಕಿತ್ತು ಭರಣಿಗೆ ಹಾಕಿಕೊಂಡಿದ್ದೆ.

ಮಾರನೆಯ ದಿನ ಅಂಗಡಿ ಮುಚ್ಚಿ ಊರಿಗೆ ಹೋದೆ. ಗೋಣಿಚೀಲ ತೆಗೆದೆ. ಇಲಿ ಕಡಿದ ವೈರು, ತುಕ್ಕು ಹಿಡಿದ ಟ್ಯಾಂಕು, ಕಾರ್ಬುರೇಟರಿನಲ್ಲಿ ಕಣಜದ ಹುಳದ ಮಣ್ಣುಗೂಡು. ಎಂಟು ದಿನ ಹಿಡಿಯಿತು. ಕೊನೆಯ ದಿನ, ಅಂಗಡಿಯಿಂದ ಜೇಬಿನಲ್ಲಿ ತಂದಿದ್ದ ಭರಣಿಯಿಂದ ಆ ತುಂಡನ್ನು ತೆಗೆದು ಒರೆಸಿದೆ. ಒಂದಿಷ್ಟೂ ಸವೆದಿರಲಿಲ್ಲ, ಬೆಳ್ಳಿಯ ಕಾಳಿನಂತೆ ಹೊಳೆಯಿತು. ಅದನ್ನು ಅದರ ಜಾಗಕ್ಕೆ ಕೂರಿಸಿದೆ. ಆಗಲೂ, ಕೇಳಿ, ಆಗಲೂ ನನ್ನ ಮನಸ್ಸು ಇನ್ನೊಂದು ಸುಳ್ಳನ್ನು ಎಣ್ಣೆ ಹಾಕಿ ಸಿದ್ಧ ಮಾಡುತ್ತಿತ್ತು: ಯಾರೋ ಬೆಂಗಳೂರಿನವರ ಹತ್ತಿರ ಹಳೆಯ ಪಾರ್ಟು ಸಿಕ್ಕಿತು ಎಂದರಾಯಿತು, ಅಕ್ಕ ಖುಷಿಯಾಗುತ್ತಾಳೆ, ನನಗೂ ಒಂದು ಪುಣ್ಯ.

ಅಕ್ಕನನ್ನು ಕರೆದೆ. ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ತೂಕ ಕಡಿಮೆಯಾಗಿದೆ, ಕೂದಲು ನರೆತಿದೆ, ಆದರೆ ಕಾಲಿಗೆ ಎಲ್ಲ ನೆನಪಿತ್ತು. ಗೇರು ಒತ್ತಿದಳು. ಎಡಗೈ ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಕೂತಿತ್ತು. ಕಾಲನ್ನು ಸಡಿಲಿಸಿದಳು, ಮೆಲ್ಲಗೆ, ಅರಗು ಹಿಡಿಸುವ ಹದದಲ್ಲಿ. ಗಾಡಿ ಹೊರಟಿತು. ಹಿಪ್ಪುನೇರಳೆ ಸಾಲಿನ ತುದಿಯ ತನಕ ಹೋಗಿ, ತಿರುಗಿಸಿಕೊಂಡು, ನನ್ನ ಮುಂದೆ ಬಂದು ನಿಲ್ಲಿಸಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಲೋ ಬೈರ! ಎಲ್ಲಿ ಸಿಕ್ತ್ಲಾ ಪಾರ್ಟು?"

ಸಿದ್ಧವಾಗಿದ್ದ ಸುಳ್ಳು ನಾಲಿಗೆಯ ತುದಿಗೆ ಬಂತು. ಜೇಬಿನಲ್ಲಿ ಕೈಯಿಟ್ಟೆ, ಖಾಲಿ ಭರಣಿ ಸಿಕ್ಕಿತು. ಅದನ್ನು ಹೊರತೆಗೆದು ಅವಳ ಎಡ ಅಂಗೈಯಲ್ಲಿಟ್ಟೆ. ತಾನು ಕಡೆದದ್ದನ್ನು ಅವಳು ಗುರುತು ಹಿಡಿದಳು. ಮುಚ್ಚಳ ತೆಗೆದು, ಒಳಗಿನ ಗ್ರೀಸಿನ ಕಲೆ ನೋಡಿದಳು. ಆ ಕಲೆ ಎಷ್ಟು ಹಳೆಯದೆಂದು ಮರದ ಕೆಲಸ ಬಲ್ಲವಳಿಗೆ ಹೇಳಬೇಕಾಗಿಲ್ಲ. ನಗು ನಿಂತಿತು. ಎಂಜಿನ್ನು ಇನ್ನೂ ಓಡುತ್ತಿತ್ತು. ಅದರ ಸದ್ದಿನ ಮೇಲೆ ಕೇಳಿಸಲೆಂದು ನಾನು ಕೂಗಿಯೇ ಹೇಳಬೇಕಾಯಿತು:

"ಎಲ್ಲೂ ಸಿಕ್ಕಿದ್ದಲ್ಲ ಕಣಕ್ಕ, ನಾನೇ ಕಿತ್ತು ಮಡಿಕಂಡಿದ್ದೆ. ನಿನ್ ಕೈ ಸೋತಿರ್ನಿಲ್ಲ. ನನ್ ಕೈ ಕೆಟ್ಟಿತ್ತು. ತಪ್ಪಾಯ್ತು ಕಣಕ್ಕ, ತಪ್ಪಾಯ್ತು."