ಕೂಸಪ್ಪಣ್ಣನ ಉದಾಸಿನ

"ಐಲೇ" ಎಂದು ಮೊದಲು ಒಂಟಿ ಗಂಟಲು, ಅದರ ಬೆನ್ನಿಗೇ ಊರ ಗಂಡಸರೆಲ್ಲರ "ಸಾ". ಕಾಪುವಿನಲ್ಲಿ ನಮ್ಮ ಮನೆಯ ಹಿಂದಿನ ಕಡಲತಡಿಯಿಂದ ಈ ಸದ್ದು ಬಂತೆಂದರೆ ರಂಪಣಿ ಬಲೆ ದಡಕ್ಕೆ ಬರುತ್ತಿದೆ ಎಂದರ್ಥ. ಉದ್ದದ ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಎಳೆಯಬೇಕಾದರೆ ಯಾರಾದರೊಬ್ಬರು ಕೂಗು ಕೊಡಬೇಕು. ಆ ಒಂಟಿ ಗಂಟಲು ಕೂಸಪ್ಪಣ್ಣನದು. ಯಂತ್ರದ ದೋಣಿಗಳು ಬಂದು ಬೇರೆ ರಂಪಣಿಗಳೆಲ್ಲ ಮೂಲೆ ಸೇರಿದ ಮೇಲೂ ನಮ್ಮಲ್ಲಿ ಒಂದು ಉಳಿದಿತ್ತು, ಅದರ ಜೊತೆಗೆ ಅವರ ಕೂಗೂ ಉಳಿದಿತ್ತು.

ಎಂಬತ್ತೆರಡನೇ ಇಸವಿಯ ಮಳೆಗಾಲ ಮುಗಿದು ಬಲೆ ಮತ್ತೆ ನೀರಿಗಿಳಿದಾಗ ಕೂಸಪ್ಪಣ್ಣನಿಗೆ ಏಳಲಿಕ್ಕಾಗುತ್ತಿರಲಿಲ್ಲ. ನೋವಿಲ್ಲ, ಜ್ವರವಿಲ್ಲ. ಕುಳಿತಲ್ಲಿಂದ ಏಳಲು ಹೋದರೆ ತೊಡೆ ಕೇಳುವುದಿಲ್ಲ. ಏನಾಯಿತೆಂದು ಕೇಳಿದವರಿಗೆ ಅವರು ನಮ್ಮೂರಿನಲ್ಲಿ ಇದ್ದ ಒಂದೇ ಮಾತು ಹೇಳಿದರು: ಉದಾಸಿನ ಆಗುತ್ತದೆ. ಬೇರೆ ಊರಿನವರಿಗೆ ಈ ಮಾತು ಏನು ಹೇಳುತ್ತದೋ ಗೊತ್ತಿಲ್ಲ. ನಮ್ಮಲ್ಲಿ ಉದಾಸಿನ ಎಂದರೆ ಸೋಮಾರಿತನ. ಪಾಪ, ಅಪವಾದವನ್ನು ತಮ್ಮ ಬಾಯಿಂದಲೇ ಹಬ್ಬಿಸಿಕೊಂಡರು.

ಊರಿಗೆ ಸಾಕ್ಷಿಯೂ ಸಿಕ್ಕಿತು. ಮೀನು ಮಾರುವ ಅವರ ಹೆಂಡತಿ ಮೋಹಿನಿಯಕ್ಕ ಬುಟ್ಟಿ ಎತ್ತುವ ಮೊದಲು ಗಂಡನಿಗೆ ಬೈಯುತ್ತಿದ್ದರು. ಮೊದಲ ಬೈಗುಳಕ್ಕೆ ಕೂಸಪ್ಪಣ್ಣ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು. ಎರಡನೆಯದಕ್ಕೆ ಮುಕ್ಕಾಲು. ಆಮೇಲೆ ಸರಾಗವಾಗಿ ಎದ್ದು ಹೋಗುತ್ತಿದ್ದರು. ಹಗ್ಗ ಹಿಡಿದಾಗಲೂ ಹಾಗೆಯೇ: ಶುರುವಿನ ಎಳೆತಕ್ಕೆ ಕೈಯಲ್ಲಿ ಜೀವವಿಲ್ಲ, ಪಕ್ಕದಲ್ಲಿದ್ದ ಶೀನ ನಾಲ್ಕು ಮಾತು ಕುಟುಕಿದ ಮೇಲೆ ಹಿಡಿತ ಬಿಗಿ. ಹಾಗಾಗಿ ಈ ಕಾಯಿಲೆಗೆ ಬೈಗುಳವೇ ಮದ್ದೆಂದು ಊರು ತೀರ್ಮಾನಿಸಿತು. ದಾರಿಯಲ್ಲಿ ಹೋಗುವವರೂ ಉಪಕಾರಕ್ಕೆಂದು ಒಂದು ಡೋಸ್ ಕೊಟ್ಟು ಹೋಗುತ್ತಿದ್ದರು.

ಇಷ್ಟನ್ನು ಕೂಸಪ್ಪಣ್ಣ ನಗುತ್ತಲೇ ತಡೆದುಕೊಂಡರು. ಆದರೆ ಬಾಯಿ ಒಣಗತೊಡಗಿತು. ಎಷ್ಟು ನೀರು ಕುಡಿದರೂ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಜೊತೆಗೆ ಬೀಡಿಯ ಕೆಮ್ಮು. ಒಂದು ಬೆಳಿಗ್ಗೆ "ಐಲೇ" ಅರ್ಧದಲ್ಲಿ ನಿಂತಿತು, ಕೂಗನ್ನು ಶೀನ ತೆಗೆದುಕೊಂಡ. ಆ ದಿನ ಕೂಸಪ್ಪಣ್ಣ ಊಟ ಮಾಡಲಿಲ್ಲ. ಮರುದಿನ ತಾವಾಗಿಯೇ ಹೆಂಡತಿಗೆ ಹೇಳಿದರು, ಮಣಿಪಾಲಕ್ಕೆ ಹೋಗುವ, ಕೂಗು ಹೋದರೆ ನಾನು ಆ ಹಗ್ಗದಲ್ಲಿ ಯಾರೂ ಅಲ್ಲ.

ಉಡುಪಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಮಣಿಪಾಲದ ಆಸ್ಪತ್ರೆ ತಲುಪಿದರು. ಅಲ್ಲಿನ ನರರೋಗದ ಡಾಕ್ಟರು ಅನಂತಪದ್ಮನಾಭ ಕಾರ್ಕಳದ ಕಡೆಯವರು, ತುಳುವಿನಲ್ಲೇ ಮಾತಾಡಿದರು. ಕೂಸಪ್ಪಣ್ಣ ಇಲ್ಲಿಯೂ ಉದಾಸಿನವೆಂದೇ ಶುರುಮಾಡಿದರು. ಮೋಹಿನಿಯಕ್ಕ ಬೈಗುಳದ ಮದ್ದನ್ನು ವಿವರಿಸಿದರು. ಡಾಕ್ಟರು ನಗಲಿಲ್ಲ. ಪುಟ್ಟ ರಬ್ಬರ್ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು, ಕಾಲು ಅಲುಗಲಿಲ್ಲ. ತಮ್ಮ ಅಂಗೈಗೆ ವಿರುದ್ಧವಾಗಿ ಕಾಲನ್ನು ಬಲವಾಗಿ ಒತ್ತಲು ಹೇಳಿ ಮತ್ತೆ ತಟ್ಟಿದರು. ಈ ಸಲ ಕಾಲು ಜಿಗಿಯಿತು. ಆಮೇಲೆ ತಮ್ಮ ಬೆರಳುಗಳನ್ನು ಕೊಟ್ಟು ಹಿಸುಕಲು ಹೇಳಿದರು. ಹಿಡಿತ ಸಡಿಲವಾಗಿ ಶುರುವಾಗಿ ಬಿಗಿಯಾಗುತ್ತಾ ಹೋಯಿತು, ಕೊನೆಗೆ ಡಾಕ್ಟರೇ ಸಾಕೆಂದು ಕೈ ಎಳೆದುಕೊಂಡರು.

"ಉದಾಸಿನದವನಿಗೆ ಮಾಡಿದಷ್ಟೂ ಸುಸ್ತು," ಎಂದರು. "ನಿಮಗೆ ಮಾಡಿದಷ್ಟೂ ಬಲ. ಇದು ಉದಾಸಿನ ಅಲ್ಲ."

ಕೂಸಪ್ಪಣ್ಣ ಹೆಂಡತಿಯ ಕಡೆ ತಿರುಗಿದರು. "ಕೇಳಿತಾ?"

ತೀರಾ ಅಪರೂಪದ ಕಾಯಿಲೆ, ಇದಕ್ಕೆ ಶ್ವಾಸಕೋಶದ ಗಡ್ಡೆ ಕಾರಣವಿರಬಹುದು, ಮೊದಲು ಎದೆಯ ಎಕ್ಸ್‌ರೇ ಆಗಬೇಕು ಎಂದರು ಡಾಕ್ಟರು. ಅವರ ಅನುಮಾನ ನಿಜವಾಯಿತು. ಎದೆಯ ಚಿತ್ರದಲ್ಲಿ ಬಿಳಿಯ ಮಚ್ಚೆ ಇತ್ತು, ಅದರ ಚೂರು ತೆಗೆದು ನೋಡಿದಾಗ ಕ್ಯಾನ್ಸರ್ ಎಂದಾಯಿತು. ಗಡ್ಡೆಯ ಮೇಲೆ ಏರಿಹೋದ ದೇಹ ತಪ್ಪಿ ತನ್ನ ನರಗಳನ್ನೂ ಹೊಡೆಯುತ್ತದೆ, ಆದ್ದರಿಂದ ನರದ ಅಪ್ಪಣೆ ಸ್ನಾಯುವಿಗೆ ತಲುಪುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಕೂಸಪ್ಪಣ್ಣ ಅದನ್ನು ಊರಿಗೆ ತಮ್ಮದೇ ರೀತಿಯಲ್ಲಿ ಹೇಳಿದರು: ಒಳಗೊಬ್ಬ "ಐಲೇ" ಅನ್ನುತ್ತಾನೆ, ತೊಡೆಗೆ ಕೇಳುವುದಿಲ್ಲ. ನಾಲ್ಕು ಸಲ ಕೂಗಿದ ಮೇಲೆ ಕೇಳಿ "ಸಾ" ಅನ್ನುತ್ತದೆ.

ಗಡ್ಡೆ ಕರಗಿದರೆ ಕಾಲಿನ ಬಲವೂ ಮರಳಬಹುದು, ಆದರೆ ಎಷ್ಟು ಕಾಲಕ್ಕೆಂದು ಹೇಳಲಾರೆ ಎಂದು ಡಾಕ್ಟರು ಮೋಹಿನಿಯಕ್ಕನಿಗೆ ಬೇರೆಯಾಗಿ ಹೇಳಿದ್ದರು. ಚಿಕಿತ್ಸೆ ಶುರುವಾಯಿತು. ಬೀಡಿ ಬಿಟ್ಟುಹೋಯಿತು, ಕೂದಲು ಉದುರಿತು. ಬೈದದ್ದನ್ನು ನೆನೆದು ಹೆಂಡತಿ ಕಣ್ಣೊರೆಸಿಕೊಂಡಾಗ ಕೂಸಪ್ಪಣ್ಣ, ಬೈಯದಿದ್ದರೆ ನಾನು ಏಳುತ್ತಲೇ ಇರಲಿಲ್ಲ ಮಾರಾಯ್ತಿ, ಈಗ ನಿಲ್ಲಿಸಬೇಡ ಎಂದರಂತೆ.

ಬೇಸಿಗೆಯ ಹೊತ್ತಿಗೆ ಕೆಮ್ಮು ಇಳಿದಿತ್ತು, ಬಾಯಿಯಲ್ಲಿ ಎಂಜಲು ಬಂದಿತ್ತು. ಶೀನ ಬಂದು ತಲೆ ಕೆರೆದುಕೊಂಡು ನಿಂತ.

"ಕೂಸಪ್ಪಣ್ಣ, ಹಗ್ಗ ಮುಟ್ಟುವುದು ಬೇಡ. ಬಾಯಿ ಮಾತ್ರ ಕೊಡಿ. ನನ್ನ ಕೂಗಿಗೆ ಮೀನುಗಳೂ ಉದಾಸಿನ ಮಾಡುತ್ತವೆ."

ಕೂಸಪ್ಪಣ್ಣ ನೋಡುವ ಎಂದಷ್ಟೇ ಹೇಳಿದರು.

ಅದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ನಾನು ಅವರ ಜಗಲಿಯಲ್ಲಿ ಕುಳಿತಿದ್ದೆ. ಬೋಳು ತಲೆಗೆ ಬೈರಾಸು ಸುತ್ತಿಕೊಂಡು ಅವರು ಈ ಕತೆಯನ್ನೆಲ್ಲ ಹೇಳುತ್ತಿದ್ದರು. ಅಷ್ಟರಲ್ಲಿ ಕಡಲ ಕಡೆಯಿಂದ ಶೀನನ "ಐಲೇ" ಕೇಳಿತು. ಅವಸರದ ಕೂಗು. "ಸಾ" ಚೆಲ್ಲಾಪಿಲ್ಲಿಯಾಗಿ ಬಂತು, ಒಂದಿಷ್ಟು ಮೊದಲು, ಒಂದಿಷ್ಟು ತಡವಾಗಿ.

"ನೋಡು ಮಗಾ," ಎಂದರು ಕೂಸಪ್ಪಣ್ಣ ಕಂಬ ಹಿಡಿದು ಅರ್ಧ ಎದ್ದು ಮತ್ತೆ ಕೂರುತ್ತಾ, "ಊರೆಲ್ಲ ನನಗೆ ಉದಾಸಿನ ಅಂದಿತು." ಇನ್ನೊಮ್ಮೆ ಮುಕ್ಕಾಲು ಎದ್ದು ಕೂತರು. "ಆದರೆ ಆ ಉದಾಸಿನ ಅನ್ನುವುದು ಉಂಟಲ್ಲ, ಅದು ನಿಜಕ್ಕೂ ಹೇಗಿರುತ್ತದೆ ಅಂತ ನಾನು ಒಂದು ದಿನವಾದರೂ…" ಎನ್ನುತ್ತಲೇ ನೆಟ್ಟಗೆ ನಿಂತು, ಮೆಟ್ಟಿಲಿಳಿದು, ಕಡಲ ಕಡೆಗೆ ನಡೆದೇಬಿಟ್ಟರು.