ಎಂಟು ಚೆನ್ನೈ, ಮಹಡಿ, ತಾಳಿ

ಚೆನ್ನೈಯಲ್ಲಿ ನೆಲೆಸಿದ ಕನ್ನಡದವರು ನಾವು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಗಾದರೆ ಸಾಕು, ದೇವರುಗಳ ಮೆರವಣಿಗೆ. ಒಬ್ಬರು ಏಕಾದಶಿಗೆ ಕಳಿಸಿದ ಪೆರುಮಾಳನ್ನೇ ಇನ್ನೊಬ್ಬರು ದ್ವಾದಶಿಗೆ ಕಳಿಸುತ್ತಾರೆ. ಅದರ ನಡುವೆ ದಿನಕ್ಕೊಂದು ಈಗಿನವರ ಕಲಾಕೃತಿ ಹಾಕುತ್ತೇನೆಂದು ನಾನು ಹೊರಟದ್ದು ನನ್ನ ಕೊಬ್ಬೇ ಇರಬೇಕು.

ಆ ಚಟ ಹತ್ತಿದ್ದು ತಾಂಬರಂನಿಂದ ಬ್ಯಾಂಕಿಗೆ ಹೋಗುವ ಲೋಕಲ್ ರೈಲಿನಲ್ಲಿ. ಸೀಟು ಸಿಕ್ಕ ದಿನ ಫೋನಿನಲ್ಲಿ ಚಿತ್ರ ನೋಡುತ್ತಾ ಕೂರುತ್ತೇನೆ. ಎಲ್ಲೋ ಒಬ್ಬಳು ಹುಡುಗಿ ಅಜ್ಜಿಯ ಹಳೆ ಸೀರೆಗಳ ನೂಲು ಬಿಡಿಸಿ ಗೋಡೆಯಗಲ ಸಮುದ್ರ ಮಾಡಿದ್ದಾಳೆ. ಇನ್ನೊಬ್ಬ ಬಸ್ ಟಿಕೆಟ್ಟುಗಳನ್ನೇ ಅಂಟಿಸಿ ಆಲದ ಮರ ಎಬ್ಬಿಸಿದ್ದಾನೆ. ಇಂಥದ್ದು ಕಂಡರೆ ಯಾರಿಗಾದರೂ ತೋರಿಸದೆ ನನಗೆ ಉಂಡ ಅನ್ನ ಜೀರ್ಣವಾಗುವುದಿಲ್ಲ. ಹಾಗಾಗಿ ಗ್ರೂಪಿಗೆ ಹಾಕುತ್ತಿದ್ದೆ. ಅಣ್ಣ ಒಮ್ಮೆ, ‘ಮಗು ಗೀಚಿದ ಹಾಗಿದೆ’ ಎಂದು ಬರೆದ. ಉಳಿದವರದು ಅದೂ ಇಲ್ಲ, ಮೌನ.

ತಪ್ಪದೆ ಉತ್ತರ ಕೊಡುತ್ತಿದ್ದವರು ಒಬ್ಬರೇ, ಬೆಸೆಂಟ್ ನಗರದ ನಮ್ಮ ಸೋದರತ್ತೆ. ರೈಲ್ವೆ ಆಫೀಸಿನಲ್ಲಿ ದುಡಿದು ನಿವೃತ್ತರಾದವರು, ಮದುವೆ ಬೇಡವೆಂದವರು, ಯಾರ ಮಾತಿಗೂ ಜಗ್ಗದವರು. ಆದರೆ ಅವರ ಉತ್ತರಗಳು ವಿಚಿತ್ರವಾಗಿದ್ದವು. ತಮಿಳು ಅಕ್ಷರದಲ್ಲಿ ‘ಚೆನ್ನೈ ಕದೈ’ ಎಂದು ಬರುತ್ತಿತ್ತು, ಅಂದರೆ ಚೆನ್ನೈ ಕತೆ. ಚಿತ್ರ ಅಸ್ಸಾಮಿನದಾಗಲಿ ಕೇರಳದ್ದಾಗಲಿ, ಅದೇ ಚೆನ್ನೈ ಕತೆ. ಕೆಲವು ಸಲ ಶುರುವಿನಲ್ಲಿ ‘ತುಂಬೈ’ ಸೇರಿಸುತ್ತಿದ್ದರು, ಎಂದರೆ ತುಂಬೆ ಹೂವು. ಹೋಗಲಿ, ವಯಸ್ಸಾಯಿತು ಎಂದುಕೊಂಡೆ. ಒಂದು ಸಲ ಮಾತ್ರ ಖಾಲಿ ಕುರ್ಚಿಗಳ ಒಂದು ಚಿತ್ರಕ್ಕೆ ‘ನೀ ಪಾರೈ’ ಎಂದು ಬಂತು. ತಮಿಳಿನಲ್ಲಿ ಪಾರೈ ಎಂದರೆ ಬಂಡೆ. ನಾನು ಬಂಡೆಯಂತೆ! ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ದಿನ ಚಿತ್ರ ಹಾಕಲಿಲ್ಲ.

ಆಮೇಲೆ ಸೀರೆಯ ಸಮುದ್ರ ಹಾಕಿದೆ. ಅತ್ತೆಯ ಉತ್ತರ ಬಂತು: ‘ಎಟ್ಟು ಚೆನ್ನೈ ಮಾಡಿ ತಾಲಿ.’ ಎಂಟು ಚೆನ್ನೈ, ಮಹಡಿ, ತಾಳಿ. ಗ್ರೂಪಿನಲ್ಲಿ ಗಲಭೆ ಎದ್ದಿತು. ಎಪ್ಪತ್ತು ದಾಟಿದ ಮೇಲೆ ಅತ್ತೆಗೆ ತಾಳಿಯ ಯೋಚನೆ ಯಾಕೆ ಬಂತು? ಕನ್ನಡ ಅರ್ಥವಾಗಿಯೂ ತಮಿಳಿನಲ್ಲೇ ಉತ್ತರಿಸುವ ಅಣ್ಣನ ಮಗಳು, ‘ಪಾಟ್ಟಿಕ್ಕು ಎನ್ನ ಆಚ್ಚು?’ ಎಂದು ಕೇಳಿದಳು. ಅಜ್ಜಿಗೆ ಏನಾಯಿತು ಎಂಬುದು ಆಗ ಎಲ್ಲರ ಪ್ರಶ್ನೆಯೂ ಆಗಿತ್ತು.

ಅಣ್ಣ ನನಗೆ ಫೋನ್ ಮಾಡಿದ. “ಬುದ್ಧಿ ಕಲಸಿ ಹೋಗಿದೆ ಕಣೇ. ಒಬ್ಬರೇ ಇದಾರೆ, ಯಾರಾದ್ರೂ ಏನಾದ್ರೂ ಹೇಳಿ ಏಮಾತಿ ದುಡ್ಡು ಕಿತ್ಕೊಂಡ್ರೆ? ಮೊದಲು ಆ ಫೋನ್ ಇಸ್ಕೊಂಡು ಬಾ. ಡಾಕ್ಟರ್ ಹತ್ರ ನಾನು ಅಪಾಯಿಂಟ್‌ಮೆಂಟ್ ತಗೋತೀನಿ.”

ಅದು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಗಿಂಡಿ ಸ್ಟೇಷನ್ನಿನಲ್ಲಿ ರೈಲು ಇಳಿದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಭಯವೇ. ಅತ್ತೆಯ ನೆನಪು ಕೈಕೊಟ್ಟರೆ ಎಂಬುದು ಒಂದು ಭಯ. ನಾನು ತೋರಿಸಿದ್ದನ್ನು ನೋಡುವ ಒಂದೇ ಜೋಡಿ ಕಣ್ಣಿನಿಂದ ಫೋನನ್ನು ನಾನೇ ಕಿತ್ತುಕೊಳ್ಳಬೇಕಲ್ಲ ಎಂಬುದು ಇನ್ನೊಂದು.

ಅತ್ತೆ ಬಾಗಿಲು ತೆಗೆದವರೇ, “ಏನೇ, ದಾರಿ ಗೊತ್ತಾಯ್ತಾ?” ಎಂದರು. ಯುಗಾದಿಯ ಮಾರನೆಯ ದಿನ ಬಂದು ಹೋದವಳು, ಆಗಲೇ ಆಯುಧಪೂಜೆ ಹತ್ತಿರವಾಗಿತ್ತು. ಕಾಫಿ ಕೊಟ್ಟರು. ಹಾಲಿನವನು ಎಷ್ಟು ದಿನ ಬಂದಿಲ್ಲವೆಂದು ತಾರೀಖು ಸಮೇತ ಹೇಳಿದರು. ಬುದ್ಧಿ ಕಲಸಿದವರ ಮಾತು ಅದಲ್ಲ. ಪರೀಕ್ಷೆ ಮಾಡಿಯೇ ಬಿಡೋಣವೆಂದು ನನ್ನ ಫೋನಿನಿಂದ ಆ ಸೀರೆಯ ಹುಡುಗಿಯದೇ ಒಂದು ಹೊಸ ಚಿತ್ರ ಕಳಿಸಿದೆ.

ಅತ್ತೆ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ಮೂಲೆಮೂಲೆಯನ್ನೂ ನೋಡಿದರು. ಆಮೇಲೆ ಮೈಕಿನ ಗುರುತು ಒತ್ತಿ, ಪ್ಲಾಟ್‌ಫಾರ್ಮಿನಲ್ಲಿ ರೈಲು ಬರುವುದನ್ನು ಸಾರುವ ದನಿಯಲ್ಲಿ, “ಎಷ್ಟು ಚೆನ್ನಾಗಿ ಮಾಡಿದಾಳೆ!” ಎಂದರು.

ತೆರೆಯ ಮೇಲೆ ಮೂಡಿತು: ‘ಎಟ್ಟು ಚೆನ್ನೈ ಮಾಡಿ ತಾಲಿ.’

ಫೋನು ಮಾರಿದ ಅಂಗಡಿಯವನು ಅದರ ಮೈಕನ್ನು ತಮಿಳಿಗೆ ಇಟ್ಟುಕೊಟ್ಟಿದ್ದ. ಅತ್ತೆ ಅದಕ್ಕೆ ಅಪ್ಪಟ ಕನ್ನಡ ಹೇಳುತ್ತಿದ್ದರು. ಪಾಪದ ಫೋನು ತನಗೆ ತಿಳಿದ ತಮಿಳಿನಲ್ಲಿ ಕೈಲಾದಷ್ಟು ಬರೆಯುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

“ಏನು ಬಂದಿದೆ ಅಂತ ಒಂದ್ಸಲನಾದ್ರೂ ಓದಬಾರ್ದಾ ಅತ್ತೆ?”

“ಪೊರೆ ಬಂದಿರೋ ಕಣ್ಣಿಗೆ ಇರುವೆಯಂಥ ಅಕ್ಷರ ತೆರಿಯತ್ತಾ? ಚಿತ್ರ ದೊಡ್ಡದು ಮಾಡ್ಕೋಬಹುದು. ನೀಲಿ ಗುರುತು ಬರತ್ತಲ್ಲ, ನೀನು ಓದ್ದೆ ಅಂತ. ಅದು ಪೋದುಂ, ಅಷ್ಟು ಸಾಕು.”

ಹಳೆಯ ಉತ್ತರಗಳನ್ನೆಲ್ಲ ತೆಗೆದು ಗಟ್ಟಿಯಾಗಿ ಓದತೊಡಗಿದೆ. ಕಣ್ಣಿಗೆ ತಮಿಳಾಗಿದ್ದದ್ದು ಕಿವಿಗೆ ಕನ್ನಡವಾಗಿ ಬಂತು. ಚೆನ್ನೈ ಕದೈ ಎಂದರೆ ಚೆನ್ನಾಗಿದೆ. ತುಂಬೆ ಹೂವು ಎಂದರೆ ತುಂಬಾ. ತಿಂಗಳುಗಟ್ಟಲೆ ಒಂದು ಚಿತ್ರವನ್ನೂ ಬಿಡದೆ ನೋಡಿ ಅಭಿಪ್ರಾಯ ಹೇಳಿದ್ದರು, ನಾನು ಅದನ್ನು ಮರುಳು ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಅತ್ತೆ ಮಾತ್ರ ತಾಳಿಯ ಗಲಭೆ ಕೇಳಿ, “ಶರಿ, ವರನನ್ನ ನೋಡೋಕೆ ಹೇಳು ನಿಮ್ಮಣ್ಣಂಗೆ” ಎಂದು ಕಣ್ಣೊರೆಸಿಕೊಂಡು ನಗುತ್ತಿದ್ದರು.

ಹಾಗೇ ಓದುತ್ತಾ ಖಾಲಿ ಕುರ್ಚಿಗಳ ಚಿತ್ರಕ್ಕೆ ಬಂದೆ. “ನೀ ಪಾರೈ” ಎಂದು ಗಟ್ಟಿಯಾಗಿ ಓದಿದೆ. ತಮಿಳಿನಲ್ಲಿ ಪಕಾರ ಬಕಾರಕ್ಕೆ ಒಂದೇ ಅಕ್ಷರ. ಇನ್ನೊಮ್ಮೆ ಓದಿದೆ. ನೀ ಬಾರೇ.

ದಿನಾ ಚಿತ್ರ ಕಳಿಸುತ್ತೇನೆ, ಅತ್ತೆಯ ಜೊತೆಗೇ ಇದ್ದೇನೆ ಎಂದು ನಾನು ಬೀಗುತ್ತಿದ್ದೆ. ಅವರು ಕುರ್ಚಿ ನೋಡಿ ನನ್ನನ್ನು ಕರೆದಿದ್ದರು. ನಾನು ಮುನಿಸಿಕೊಂಡು ಕೂತಿದ್ದೆ.

ಅಣ್ಣನಿಗೆ ಫೋನ್ ಮಾಡಿ ಡಾಕ್ಟರೂ ಬೇಡ, ಫೋನೂ ಇಸಿದುಕೊಳ್ಳುವುದಿಲ್ಲ ಎಂದು ಹೇಳಿದೆ. ಹೊರಡುವ ಮುಂಚೆ ಅತ್ತೆಯ ಫೋನು ಕೈಗೆತ್ತಿಕೊಂಡು, “ಇದನ್ನ ಕನ್ನಡಕ್ಕೆ ಬದಲಾಯಿಸಿ ಕೊಡ್ತೀನಿ, ಒಂದು ನಿಮಿಷ” ಎಂದೆ.

ಅತ್ತೆ ನನ್ನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡರು.

“ವೇಣ್ಡಾ, ಹಾಗೇ ಇರಲಿ. ಸರಿಯಾಗಿ ಬಂದ್ರೆ ಅಲ್ಲೇ ಓದ್ಕೊಂಡು ಸುಮ್ನಾಗ್ತೀಯ. ತಪ್ಪಾಗಿ ಬಂದಿದ್ದಕ್ಕೇ ತಾನೇ ನೀನು ಬಂದಿದ್ದು?”