ಕಿಟಕಿಯ ಅತ್ತಿಗೆ

ನಮ್ಮ ಬೀದಿಗೆಲ್ಲ ಆಕೆ ಅತ್ತಿಗೆ. ನನ್ನ ಚಪ್ಪಲಿ ಅಂಗಡಿಯ ಎದುರುಮನೆಯ ಕಿಟಕಿಯಲ್ಲಿ ಕೂತು ಮೀನಿನ ಬಲೆ ರಿಪೇರಿ ಮಾಡುತ್ತಿದ್ದಳು. ಬಲೆಯ ಹರಿದ ಕಣ್ಣುಗಳಿಗೆ ಗಂಟು ಹಾಕಲು ಬೆಳಕು ಬೇಕು, ಕಿಟಕಿ ಅದಕ್ಕೇ ಎನ್ನುತ್ತಿದ್ದಳು. ಆದರೆ ಸರಕಿನ ಹಡಗಿಗೆ ಕೆಲಸಕ್ಕೆ ಹೋದ ಗಂಡ ವರ್ಷಗಳಿಂದ ನಾಪತ್ತೆ ಎಂಬುದು ಯಾರಿಗೆ ಗೊತ್ತಿರಲಿಲ್ಲ?

ಅದನ್ನೇ ಬಂಡವಾಳ ಮಾಡಿಕೊಂಡವನು ಆಕೆಯ ಮೈದುನ, ಹಳೆಯ ಬಂದರಿನ ಗೈಡು. ದೊಡ್ಡ ಪ್ರವಾಸಿ ಹಡಗು ಬಂದು ನಿಂತ ದಿನ ಜನರನ್ನು ಹಿಂಡು ಹಿಂಡಾಗಿ ಕರೆತರುತ್ತಿದ್ದ. ಮೊದಲು ಕೋಟೆ, ಆಮೇಲೆ ದೀಪಸ್ತಂಭ, ಕೊನೆಗೆ ಗಂಡನ ದಾರಿ ಕಾಯುತ್ತಿರುವ ನಮ್ಮ ಅತ್ತಿಗೆ. ಅವರು ಪಟಪಟನೆ ಫೋಟೋ ಹೊಡೆಯುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆದರೆ ಆ ಮನೆಯ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ. ಗಂಡ ಬರ್ತಾನಾ ಎಂದು ಯಾರಾದರೂ ಕೇಳಿದರೆ ಅತ್ತಿಗೆ, "ಬರ್ಲಿ ಮೊದ್ಲು. ಒಳಗೆ ಬಿಟ್ಕೊಳ್ಳೋದು ಆಮೇಲಿನ ಮಾತು," ಎನ್ನುತ್ತಿದ್ದಳು. ಮೈದುನ ಅದನ್ನು ಅವರ ಭಾಷೆಯಲ್ಲಿ ಹೇಳಿದರೆ ನಗುವೋ ನಗು.

ಮೊನ್ನೆ ಗಂಡನ ಜೊತೆ ದುಡಿದವನೊಬ್ಬ ಮನೆ ಹುಡುಕಿಕೊಂಡು ಬಂದ. ಹಡಗು ಮುಳುಗಿದ್ದು, ಕಣ್ಣೆದುರೇ ಅವನು ನೀರುಪಾಲಾದದ್ದು, ತಾನು ಇಷ್ಟು ವರ್ಷ ಪರದೇಶದ ಜೈಲಿನಲ್ಲಿ ಕೊಳೆತದ್ದು, ಎಲ್ಲ ಹೇಳಿ ಹೋದ. ಅತ್ತಿಗೆ ಕಿಟಕಿ ಮುಚ್ಚಿದಳು.

ಮಾರನೆಯ ದಿನವೇ ಪ್ರವಾಸಿ ಹಡಗು ಬಂತು. ಬೆಳಿಗ್ಗೆ ಮೈದುನ ಬಾಗಿಲಲ್ಲಿ ನಿಂತಿದ್ದ. ಅವನೂ ಅಣ್ಣನನ್ನು ಕಳೆದುಕೊಂಡವನೇ, ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಅತ್ತಿಗೆ, ಹಡಗಿನವರ ಪುಸ್ತಕದಲ್ಲಿ ಈ ಕಿಟಕಿ ಚಿತ್ರ ಇದೆ. ಮುಚ್ಚಿದ್ರೆ ನನ್ನ ಕೆಲಸ ಬೇರೆಯವ್ರಿಗೆ ಕೊಡ್ತಾರೆ. ಇವತ್ತೊಂದಿನ ಕೂತ್ಕೊಳ್ಳಿ."

"ಅಳೋದಕ್ಕಾದ್ರೂ ಬಿಡಪ್ಪಾ," ಎಂದಳು. ಸ್ವಲ್ಪ ಹೊತ್ತಿಗೆ ಕಿಟಕಿ ತೆರೆಯಿತು.

ಜನ ಬಂದರು. ಅತ್ತಿಗೆಯ ಕೆಂಪು ಕಣ್ಣುಗಳ ಫೋಟೋ ಹೊಡೆದರು. ಟೋಪಿ ಹಾಕಿದ ಮುದುಕಿಯೊಬ್ಬಳು ಏನೋ ಕೇಳಿದಳು.

ಮೈದುನ ತಲೆ ತಗ್ಗಿಸಿ, "ಅಣ್ಣ ಬರ್ತಾನಾ ಅಂತ ಕೇಳ್ತಿದ್ದಾರೆ," ಎಂದ.

"ಇನ್ನು ಬರಲ್ಲ ಅನ್ನು. ಸತ್ತುಹೋದ್ರು ಅನ್ನು."

ಅವನು ಜನರತ್ತ ತಿರುಗಿದ. ಒಮ್ಮೆ ಕೆಮ್ಮಿ, ಅವರ ಭಾಷೆಯಲ್ಲಿ ಏನೋ ಹೇಳಿದ. ಎಲ್ಲರೂ ಗೊಳ್ಳೆಂದು ನಕ್ಕರು. ಮುದುಕಿ ಚಪ್ಪಾಳೆಯನ್ನೂ ತಟ್ಟಿದಳು.

ಆ ನಗು ಅತ್ತಿಗೆಗೆ ಹೊಸದಲ್ಲ, 'ಬರ್ಲಿ ಮೊದ್ಲು' ಎಂದಾಗೆಲ್ಲ ಏಳುತ್ತಿದ್ದ ನಗುವೇ. ಏನು ಹೇಳಿದೆ ಎಂದು ಅವನನ್ನು ಕೇಳಲಿಲ್ಲ. ಬಲೆ ಎತ್ತಿ ತೊಡೆಯ ಮೇಲೆ ಹಾಕಿಕೊಂಡು, ಹರಿದ ಕಣ್ಣು ಹುಡುಕತೊಡಗಿದಳು.